ಬಾಲ ಕುಣಿಸುವ ಅತಿಥಿ

ಕಳೆದ ಡಿಸೆಂಬರ್‌ನಲ್ಲಿ ಮೊಮ್ಮಗಳನ್ನು ಕರೆದುಕೊಂಡು ಸಾಗರದಿಂದ ಅಂಬಾರಗೋಡ್ಲಿನ ಶರಾವತಿ ಹಿನ್ನೀರಿಗೆ ಹೋಗಿದ್ದೆ. ದಡದ ಕೆಸರಿನಲ್ಲಿ ಒಂದು ಪುಟ್ಟ ಹಕ್ಕಿ. ಕಂದು ಬೆನ್ನು, ಬಿಳಿ ಹೊಟ್ಟೆ. ಬಾಲ ಕುಣಿಸುತ್ತ ಹುಳು ಹೆಕ್ಕುತ್ತಿತ್ತು. ನೀರಿಗೆ ಎಸೆಯಲು ಕಲ್ಲೆತ್ತಿದ್ದ ಮೊಮ್ಮಗಳು, "ಇದ್ಯಾವುದಜ್ಜ?" ಎಂದಳು.

"ಗದ್ದೆಗೊರವ. ಹಿಮಾಲಯದಲ್ಲಿ, ಅದರಾಚೆಯ ತಂಪು ನಾಡುಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ನಮ್ಮಲ್ಲಿಗೆ ಬರುತ್ತದೆ" ಎಂದೆ.

ಮಕ್ಕಳೇ, ಇದರ ದೂರದ ನೆಂಟ ಪೆಸಿಫಿಕ್ ಗೋಲ್ಡನ್ ಪ್ಲೋವರ್. ಅಲಾಸ್ಕದಿಂದ ಹವಾಯಿ ದ್ವೀಪಗಳಿಗೆ ಸುಮಾರು 4,800 ಕಿಲೋಮೀಟರ್ ಕಡಲನ್ನು ಎಲ್ಲೂ ಇಳಿಯದೆ ಮೂರು-ನಾಲ್ಕು ದಿನಗಳಲ್ಲಿ ದಾಟುತ್ತದೆ. ದೊಡ್ಡವು ಮೊದಲು ಹೊರಡುತ್ತವೆ. ಮರಿಗಳು ಆಮೇಲೆ ತಾವೇ ದಾರಿ ಹುಡುಕಿಕೊಳ್ಳುತ್ತವೆ. ದೊಡ್ಡವು ವರ್ಷವರ್ಷವೂ ತಮ್ಮ ಹಳೆಯ ಜಾಗಕ್ಕೇ ಮರಳುತ್ತವೆ.

"ಅಜ್ಜ, ನಿಮ್ಮ ಹಳೆಯ ಮನೆ ಎಲ್ಲಿತ್ತು?"

ನೀರಿನತ್ತ ಕೈ ತೋರಿಸಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರದ ಎಷ್ಟೋ ಹಳ್ಳಿಗಳ ಜೊತೆ ನಮ್ಮ ಮನೆ, ತೋಟವೂ ಮುಳುಗಿದವು. ನನಗಾಗ ಹನ್ನೆರಡು ವರ್ಷ. ಮುಂದೆ ಬ್ಯಾಂಕಿನಲ್ಲಿ ಊರವರ ಲೆಕ್ಕವನ್ನೆಲ್ಲ ಬರೆದೆ. ಈ ಲೆಕ್ಕ ಮಾತ್ರ ತಾಳೆಯಾಗಲಿಲ್ಲ.

"ಹಾಗಾದರೆ ನಾವೂ ವರ್ಷ ವರ್ಷ ಇಲ್ಲಿಗೆ ಬರೋಣ" ಎಂದಳು. ಹಕ್ಕಿ ಹೆದರೀತೆಂದು ಕೈಯಲ್ಲಿದ್ದ ಕಲ್ಲನ್ನು ಮೆಲ್ಲಗೆ ಕೆಳಗಿಟ್ಟಳು.