ಚಂದ್ರಗುತ್ತಿಯ ತಪ್ಪಲಿನ ತೊಟ್ಟಿಯ ಮನೆ

ಶಿಕಾರಿಪುರದಿಂದ ಹೊರಟು, ಶಿರಾಳಕೊಪ್ಪದ ಬಳಿಯ ಬಳ್ಳಿಗಾವೆಯನ್ನು ನೋಡಿಕೊಂಡು, ಸೊರಬವನ್ನು ದಾಟಿ ಮುಂದೆ ಸಾಗಿದರೆ ಚಂದ್ರಗುತ್ತಿಯ ಬೆಟ್ಟವು ಎದುರಾಗುವುದು. ಬೆಟ್ಟದ ಮೇಲಿನ ಪಾಳುಕೋಟೆಯನ್ನೂ, ಬಂಡೆಯ ಗುಹೆಯನ್ನೇ ಗರ್ಭಗುಡಿಯಾಗಿ ಉಳ್ಳ ರೇಣುಕಾಂಬೆಯ ಆಲಯವನ್ನೂ ನೋಡಿ, ಸಂಜೆಗೇ ಹಿಂದಿರುಗುವವರು ಬಹುಮಂದಿ. ನಾವಾದರೋ ಕುಟುಂಬಸಹಿತರಾಗಿ ತಪ್ಪಲಿನ ಕಾಡಂಚಿನಲ್ಲಿರುವ ಹಳೆಯ ತೊಟ್ಟಿಯ ಮನೆಯೊಂದರಲ್ಲಿ ಮೂರು ರಾತ್ರಿ ತಂಗಿದ್ದೆವು.

ಅದು ಬಹುಕಾಲ ಬೀಗ ಬಿದ್ದಿದ್ದ ಮನೆಯಂತೆ. ಮಲೆನಾಡಿನಲ್ಲಿ ಮನೆಯು ಕೆಡುವ ಬಗೆ ಬೇರೆ. ಜಾರಿದ ಒಂದು ಹಂಚನ್ನು ಸರಿಪಡಿಸುವವರಿಲ್ಲದಿದ್ದರೆ ಆ ಒಂದು ಸಂದಿನಿಂದಲೇ ಮಳೆಗಾಲವು ಒಳಕ್ಕೆ ಇಳಿಯುವುದು. ಒಲೆಯ ಹೊಗೆ ನಿಂತರೆ ಅಟ್ಟದ ಮರಕ್ಕೆ ಹುಳು ಹತ್ತುವುದು. ಮುಂಡಿಗೆಗಳನ್ನು ಕೊಳ್ಳಲು ಪಟ್ಟಣದ ವ್ಯಾಪಾರಿಗಳು ಬಂದು ಬೆಲೆಯನ್ನೂ ಕಟ್ಟಿದ್ದರಂತೆ. ಅಷ್ಟರಲ್ಲಿ ಬೆಂಗಳೂರಿನಲ್ಲಿದ್ದ ಮಗನು ತಾಯಿಯನ್ನು ಕರೆದುಕೊಂಡು ಊರಿಗೆ ಮರಳಿ, ಮನೆಯನ್ನು ಜೀರ್ಣೋದ್ಧಾರ ಮಾಡಿ, ಪ್ರವಾಸಿಗಳಿಗೆ ತೆರೆದರು.

ಜೀರ್ಣೋದ್ಧಾರವೆಂದರೆ ಎಲ್ಲವನ್ನೂ ಹೊಸದು ಮಾಡುವುದೆಂದು ಅನೇಕರ ಭಾವನೆ. ಇಲ್ಲಿ ಹಾಗಲ್ಲ. ಕೊಳೆತ ಮುಂಡಿಗೆಯ ಬುಡವನ್ನಷ್ಟೇ ಕತ್ತರಿಸಿ ಹಲಸಿನ ತುಂಡನ್ನು ಕೂಡಿಸಿದ್ದಾರೆ. ಬೆಸುಗೆಯನ್ನು ಬಣ್ಣ ಬಳಿದು ಮರೆಸಿಲ್ಲ. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ನೆರೆಯ ದೀವರ ಹೆಂಗಸೊಬ್ಬರು ಹಸೆಚಿತ್ತಾರ ಬರೆಯುತ್ತಿದ್ದರು. ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಅದ್ದಿ, ಅಳತೆಗೋಲಿಲ್ಲದೆಯೇ ಎಳೆಯುತ್ತಿದ್ದ ಆ ಗೆರೆಗಳ ಸರಳತೆಯನ್ನು ಕಂಡು ನಮ್ಮ ಮಕ್ಕಳು ಬೆಟ್ಟ ಹತ್ತುವುದನ್ನೇ ಮರೆತರು.

ಮನೆಯ ಹಿರಿಯಾಕೆಗೆ ಮಾತ್ರ ಒಂದು ಕೊರಗು. ಬಡಿಸುವಾಗ ನಗುನಗುತ್ತ ಇರುವರು. ಹಣದ ಮಾತು ಬಂದೊಡನೆ ಎದ್ದು ಹಿತ್ತಿಲಿಗೆ ಹೋಗುವರು. “ಅನ್ನ ಹಾಕಿ ಕಾಸು ಎಣಿಸೋದು ಈ ಮನೇಲಿ ಇರಲಿಲ್ಲ ತಾಯಿ” ಎಂದು ನಮ್ಮ ಮನೆಯವರೊಡನೆ ಅಂದರಂತೆ.

ದಾರಿಯಲ್ಲಿ ನೋಡಿದ ಬಳ್ಳಿಗಾವೆಯ ನೆನಪು ಆಗ ನಮಗೆ ಬಂದಿತು. ಅಲ್ಲಿಯ ಕೇದಾರೇಶ್ವರಕ್ಕೆ ಸೇರಿದ ಕೋಡಿಮಠವನ್ನು ಕ್ರಿ. ಶ. ೧೧೬೨ರ ಶಾಸನವು ಬಣ್ಣಿಸುತ್ತದೆ. ದೀನರು, ಅನಾಥರು, ಹೆಳವರು, ಕುರುಡರು, ಕಿವುಡರು, ಗಾಯಕರು, ನರ್ತಕರು, ನಾನಾ ದೇಶದ ಭಿಕ್ಷುಕರು—ಎಲ್ಲರಿಗೂ ಅಲ್ಲಿ ಅನ್ನ, ರೋಗಿಗಳಿಗೆ ಔಷಧ. ಹಿರಿಯಾಕೆಯ ಸಂಕೋಚವು ಈ ಸೀಮೆಗೆ ಹೊಸದಲ್ಲ. ಆದರೆ ಮಠಕ್ಕೆ ಅರಸರ ದತ್ತಿಯಿತ್ತು. ಈ ಮನೆಗೆ ಇರುವುದು ಚೂರು ಅಡಕೆತೋಟ, ವರ್ಷವರ್ಷವೂ ಕೈಯಾಡಿಸಬೇಕಾದ ಹಂಚಿನ ಮಾಡು. ಮಗನು ಹಣ ಪಡೆಯದಿದ್ದರೆ ಮುಂಡಿಗೆಗಳು ವ್ಯಾಪಾರಿಯ ಪಾಲಾಗುತ್ತಿದ್ದವು. ನಮಗೆ ಆತನ ಪಕ್ಷವೇ ಸರಿಯೆಂದು ತೋರಿತು. ಹಾಗೆಂದು ಆ ತಾಯಿಯ ಎದುರಿನಲ್ಲಿ ಹೇಳಲು ಬಾಯಿ ಬರಲಿಲ್ಲ.

ಹೊರಡುವ ದಿನ ಮಗನು ಜಗಲಿಯಲ್ಲಿ ಕುಳಿತು ಲೆಕ್ಕವನ್ನು ಚುಕ್ತಾ ಮಾಡಿಕೊಂಡರು. ಹಿರಿಯಾಕೆ ಹಿತ್ತಿಲ ಬಾಗಿಲಿನಿಂದ ಸುತ್ತಿ ಬಂದು, ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯೊಂದನ್ನು ನಮ್ಮ ಮನೆಯವರ ಕೈಗಿತ್ತು, “ಇದನ್ನು ಅವನ ಲೆಕ್ಕಕ್ಕೆ ಹೇಳಬೇಡಿ” ಎಂದರು.