ಡೀಸೆಲ್ ಬರುವ ದಾರಿ

ಅಕ್ಕೂರಿನ ನಮ್ಮ ಸೋದರಮಾವನ ಲಾರಿಯನ್ನು ಊರಲ್ಲಿ ಯಾರೂ ಟಾಟಾ ಅನ್ನುತ್ತಿರಲಿಲ್ಲ, ಬೆಂಜ್ ಗಾಡಿ ಅನ್ನುತ್ತಿದ್ದರು. 1954ರಿಂದ 1969ರವರೆಗೆ ಟಾಟಾದವರು ಜರ್ಮನಿಯ ಬೆಂಜ್ ಕಂಪನಿಯ ಜೊತೆ ಸೇರಿ ಜೆಮ್‌ಷೆಡ್‌ಪುರದಲ್ಲಿ ಲಾರಿ ಕಟ್ಟುತ್ತಿದ್ದರು. ಒಪ್ಪಂದ ಮುಗಿದು ಮೂತಿಯ ಮೇಲಿನ ನಕ್ಷತ್ರ ಹೋದರೂ ಜನರ ಬಾಯಲ್ಲಿ ಹೆಸರು ಉಳಿಯಿತು. ಮಾವ ಕೊಂಡಿದ್ದು ಮೂರನೇ ಕೈ ಗಾಡಿ. 1980ರ ದಶಕದ ಮೊದಲಲ್ಲಿ ನಾನು ಅದಕ್ಕೆ ಕ್ಲೀನರ್ ಆದೆ. ಖಾಕಿ ಚಡ್ಡಿ ತೊಟ್ಟು, ಹೆಗಲಿಗೆ ಚೌಕ ಹಾಕಿ, ಬಾಗಿಲು ಬಡಿದು ‘ರೈಟ್’ ಅಂದರೆ ಇಡೀ ಚನ್ನಪಟ್ಟಣವೇ ನನ್ನತ್ತ ನೋಡುತ್ತದೆ ಎಂದು ನಂಬಿದ್ದ ವಯಸ್ಸು ಅದು.

ಮಾವಿನ ಕಾಲದಲ್ಲಿ ಮಂಕರಿಗಟ್ಟಲೆ ಬಾದಾಮಿ, ಸೇಂದೂರ ತುಂಬಿ ಬೆಂಗಳೂರಿನ ಮಾರ್ಕೆಟ್ಟಿಗೆ ಹೋಗುತ್ತಿದ್ದೆವು. ಬಾಕಿ ದಿನ ತೆಂಗಿನಕಾಯಿ, ಬೆಲ್ಲ. ಕ್ಯಾಬಿನ್ನಿನಲ್ಲಿ ಒಣಹುಲ್ಲು, ಮಾವಿನ ಸೊನೆ, ಡೀಸೆಲ್ ಮೂರೂ ಬೆರೆತ ವಾಸನೆ ಇರುತ್ತಿತ್ತು. ಡೀಸೆಲ್ ಲೀಟರಿಗೆ 3 ರೂಪಾಯಿ ಆಸುಪಾಸು, ಟೀ 40 ಪೈಸೆ. ಅಜ್ಜಿ ಕಟ್ಟಿಕೊಟ್ಟ ಬುತ್ತಿ ಇದ್ದರೆ ಅಷ್ಟೂ ಖರ್ಚಿಲ್ಲ.

ಓಡುತ್ತಾ ಓಡುತ್ತಾ ನಿಂತುಬಿಡುವುದು ಆ ವಯಸ್ಸಾದ ಗಾಡಿಗೆ ಆಗಾಗ ಬರುತ್ತಿದ್ದ ಕಾಯಿಲೆ. ನಿಂತ ಕೂಡಲೇ ನಾನು ಬಾನೆಟ್ಟಿಗೆ ಕೈಹಾಕಿದರೆ ಮಾವ ತಡೆಯುತ್ತಿದ್ದ. “ಮೊದ್ಲು ಹೆಂಗ್ ನಿಂತ್ಕತು ಹೇಳ್ಲಾ ಮಗ.” ಎಳೆದೆಳೆದು, ಉಸಿರು ಸಾಲದೆ ನಿಂತಿತೋ? ಏರಿನಲ್ಲಿ ಮಾತ್ರವೋ, ಸಮತಟ್ಟಿನಲ್ಲೂ ಹಾಗೆಯೋ? ಹೊಗೆ ಕಪ್ಪೋ ಬಿಳಿಯೋ? ಕಪ್ಪಾದರೆ ಗಾಳಿ ಸಾಲುತ್ತಿಲ್ಲ, ಏರ್ ಫಿಲ್ಟರ್ ನೋಡು. ಬಿಳಿಯಾದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಡೀಸೆಲ್ ಇಂಜಿನ್ನಿಗೆ ಕಿಡಿಯ ಹಂಗಿಲ್ಲ. ಗಾಳಿಯನ್ನು ಅದುಮಿ ಕಾಯಿಸಿ, ಅದರೊಳಕ್ಕೆ ಡೀಸೆಲ್ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಅದಕ್ಕೇ ಓಡುವ ಗಾಡಿ ನಿಂತರೆ ಡೀಸೆಲ್ ಬರುವ ದಾರಿಯನ್ನೇ ಮೊದಲು ಹಿಡಿಯಬೇಕು, ಅದೂ ಟ್ಯಾಂಕಿನಿಂದ ಶುರುಮಾಡಿ ಎಂದು ಕಲಿಸಿದವನು ಮಾವ.

ಒಂದು ಮಳೆಗಾಲ ಕೆಂಗಲ್ ಆಂಜನೇಯನ ಗುಡಿ ದಾಟುತ್ತಿದ್ದಂತೆ ಗಾಡಿ ಮಂಕಾಗಿ ನಿಂತಿತು. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಹೊರಟಿತು, ರಾಮನಗರ ಮುಟ್ಟುವ ಮೊದಲೇ ಮತ್ತೆ ನಿಂತಿತು. ಮಾವ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಬುಸ್ಸೆಂದು ಗಾಳಿ ಒಳಗೆ ನುಗ್ಗಿದ್ದು ನನಗೂ ಕೇಳಿಸಿತು. ಮಳೆ ನೀರು ಇಳಿಯದಿರಲೆಂದು ಯಾರೋ ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಬಿಗಿದಿದ್ದರು. ಖರ್ಚಾದ ಡೀಸೆಲ್ಲಿನ ಜಾಗಕ್ಕೆ ಗಾಳಿ ಬರಲು ದಾರಿಯಿಲ್ಲದೆ, ಫೀಡ್ ಪಂಪ್ ಎಷ್ಟು ಎಳೆದರೂ ಡೀಸೆಲ್ ಬರುತ್ತಿರಲಿಲ್ಲ. ನಿಂತಾಗ ಮೆಲ್ಲಗೆ ಗಾಳಿ ಸೇರಿಕೊಳ್ಳುತ್ತಿತ್ತು, ಅದಕ್ಕೇ ಮತ್ತೆ ಹೊರಡುತ್ತಿತ್ತು.

ಏರ್ ಹಿಡಿಯುವುದು ಇನ್ನೊಂದು ರೋಗ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಕೂದಲೆಳೆಯ ಬಿರುಕಿದ್ದರೂ ಇಂಜಿನ್ ಓಡುವಾಗ ಡೀಸೆಲ್ ಹೊರಗೆ ತೊಟ್ಟಿಕ್ಕದು. ಪಂಪ್ ಎಳೆಯುವುದರಿಂದ ಹೊರಗಿನ ಗಾಳಿಯೇ ಒಳಗೆ ಹೋಗುತ್ತದೆ. ಕಣ್ಣಿಗೆ ಏನೂ ಕಾಣದು. ಮಾವ ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸುತ್ತಿದ್ದ, ನಾನು ಫೀಡ್ ಪಂಪಿನ ಹಿಡಿ ಒತ್ತುತ್ತಿದ್ದೆ. ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್. ಗುಳ್ಳೆ ನಿಲ್ಲದಿದ್ದರೆ ಸೋಪಿನ ಚೂರನ್ನು ನಾದಿ ಒಂದೊಂದೇ ಜೋಡಣೆಗೆ ಮೆತ್ತುತ್ತಾ ಬರುತ್ತಿದ್ದೆವು. ಯಾವುದಕ್ಕೆ ಮೆತ್ತಿದಾಗ ಗುಳ್ಳೆ ನಿಂತಿತೋ ತಪ್ಪು ಅಲ್ಲಿತ್ತು. ನನ್ನ ಕೈಯಲ್ಲಿ ಲೈಫ್‌ಬಾಯ್ ಮತ್ತು ಡೀಸೆಲ್ ವಾಸನೆ ಒಟ್ಟಿಗೆ ಇರುತ್ತಿತ್ತು.

ಜೋಡಣೆಗಳಿಗೆ ಹಾಕುವ ತಾಮ್ರದ ವಾಷರ್ ಒಂದಕ್ಕೆ 25 ಪೈಸೆ. ಮಾವ ಅದನ್ನೂ ಬಿಸಾಡುತ್ತಿರಲಿಲ್ಲ. ಬಳಸಿ ಗಟ್ಟಿಯಾದ ವಾಷರನ್ನು ಅಜ್ಜಿಯ ಒಲೆಯ ಕೆಂಡದಲ್ಲಿಟ್ಟು ನಾನು ಊದುಗೊಳವೆಯಲ್ಲಿ ಊದಬೇಕು. ಕೆಂಪಾದ ಮೇಲೆ ಇಕ್ಕಳದಲ್ಲಿ ಹಿಡಿದು ಗಿಂಡಿಯ ನೀರಿಗೆ ಹಾಕಿದರೆ ಚುಂಯ್ ಅನ್ನುತ್ತಿತ್ತು. ಹಾಗೆ ಕಾಯಿಸಿದ ತಾಮ್ರ ಮೆತ್ತಗಾಗಿ ಮತ್ತೆ ಸರಿಯಾಗಿ ಕೂರುತ್ತದೆ. “ಮುದ್ದೆ ಬೇಯ್ಸೋ ಒಲೇಲಿ ಲಾರಿ ಬೇಯಿಸ್ತೀರಲ್ರೋ” ಎಂದು ಅಜ್ಜಿ ಬೈಯುತ್ತಿದ್ದಳು. ಬೈದರೂ ಕೆಂಡವನ್ನು ಬೂದಿಯಿಂದ ಬಿಡಿಸಿ ಕೊಡುತ್ತಿದ್ದವಳು ಅವಳೇ.

ಇಷ್ಟಕ್ಕೂ ಬಗ್ಗದ ಕಾಯಿಲೆಯೊಂದು ಸಾತನೂರು ರಸ್ತೆಯ ಏರಿನಲ್ಲಿ ಕಾಡಿತು. ಮಾವ ಡೀಸೆಲ್ ತುಂಬಿದ ಕ್ಯಾನನ್ನು ಕ್ಯಾಬಿನ್ನಿನ ಹೊರಗೆ ಎತ್ತರಕ್ಕೆ ಕಟ್ಟಿ, ಟ್ಯಾಂಕಿನ ಪೈಪ್ ಬಿಚ್ಚಿ, ಕ್ಯಾನಿನಿಂದಲೇ ಫೀಡ್ ಪಂಪಿಗೆ ಕೊಟ್ಟ. ಅದೇ ಲೋಡಿನಲ್ಲಿ ಗಾಡಿ ಅದೇ ಏರನ್ನು ಹತ್ತಿತು. ಅಂದರೆ ಪಂಪು, ನಾಜಲ್ ಸರಿಯಿವೆ, ತೊಂದರೆ ಟ್ಯಾಂಕಿನ ಕಡೆಗಿದೆ. ಟ್ಯಾಂಕ್ ಇಳಿಸಿದಾಗ ಒಳಗಿನ ಪೈಪಿನ ಬಾಯಿಗೆ ತುಕ್ಕಿನ ಹಕ್ಕಳೆ, ಒರೆಸುವ ಬಟ್ಟೆಯ ನೂಲು ಸುತ್ತಿಕೊಂಡಿದ್ದವು. ನಾಜಲ್‌ಗೆ ಡೀಸೆಲ್ ಒತ್ತಿ ಕಳಿಸುವ ಮೈಕೋ ಪಂಪನ್ನು ಮಾತ್ರ ಮಾವ ಎಂದೂ ಬಿಚ್ಚಲಿಲ್ಲ. ಅದೇನಿದ್ದರೂ ಕಲಾಸಿಪಾಳ್ಯದ ಪಂಪ್ ಕೆಲಸದವರ ಬೆಂಚಿನ ಮೇಲೆ, ಅಳತೆ ಹಿಡಿದು ಮಾಡುವ ಕೆಲಸ.

ಆಡುಗೋಡಿಯಲ್ಲಿದ್ದ ಆ ಮೈಕೋ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಮುಂದೆ ಅದರ ಕಾರ್ಖಾನೆ ನಮ್ಮ ಬಿಡದಿಗೇ ಬಂತು. ಅಷ್ಟರೊಳಗೆ ಮಾವನ ಲಾರಿ ಗುಜರಿಗೆ ಹೋಗಿಯಾಗಿತ್ತು. ಉಳಿದ ಕಬ್ಬಿಣವನ್ನೆಲ್ಲ ತೂಕಕ್ಕೆ ಹಾಕಿಕೊಂಡವರು ಪಂಪನ್ನು ಮಾತ್ರ ಬಿಚ್ಚಿ ಬೇರೆ ಇಟ್ಟು 1,200 ರೂಪಾಯಿ ಕೊಟ್ಟರು.

ಈಗ ಮಾವನ ಮೊಮ್ಮಗ ಲಾರಿ ಇಟ್ಟಿದ್ದಾನೆ, ಬಿಎಸ್-6 ಗಾಡಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹತ್ತು ಪಥದ ರಸ್ತೆ ರಾಮನಗರ, ಚನ್ನಪಟ್ಟಣ ಎರಡನ್ನೂ ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ಕೆಂಗಲ್ ಗುಡಿಯ ಮುಂದೆ ನಿಲ್ಲಿಸಿ ಕೈಮುಗಿಯುವ ಮಾತೇ ಇಲ್ಲ. ಹೊಸ ಇಂಜಿನ್ನಿನಲ್ಲಿ ಡೀಸೆಲ್ 1,500 ಬಾರ್ ದಾಟಿದ ಒತ್ತಡದಲ್ಲಿರುತ್ತದೆ. ಓಡುವಾಗ ಮಾವನ ಹಾಗೆ ಅಲ್ಲಿ ಸ್ಕ್ರೂ ಸಡಿಲಿಸಲು ಹೋದರೆ ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರಿಕೊಂಡು ಹೋದೀತು. ಹೋದ ವರ್ಷ ಅವನ ಗಾಡಿ ದಾರಿಯಲ್ಲಿ ನಿಂತಾಗ ಮೆಕ್ಯಾನಿಕ್ ಹುಡುಗ ಸ್ಕ್ಯಾನರ್ ಚುಚ್ಚಿ ನೋಡಿದ. “ಮಾವ, ಪ್ರೆಶರ್ ಕಮ್ಮಿ ಅಂತ ತೋರಿಸ್ತಾ ಐತೆ” ಎಂದು ಮೊಮ್ಮಗ ನನಗೆ ಫೋನ್ ಮಾಡಿದ. ಯಾಕೆ ಕಮ್ಮಿ ಅನ್ನುವುದು ಸ್ಕ್ಯಾನರಿನಲ್ಲಿ ಇರಲಿಲ್ಲ. ಹುಡುಗ ಟ್ಯಾಂಕಿನ ಕಡೆಯಿಂದ ಒಂದೊಂದೇ ನೋಡುತ್ತಾ ಬಂದ. ಫಿಲ್ಟರ್ ಬಿಚ್ಚಿದಾಗ ನೀರು ಸಿಕ್ಕಿತು. ಹೊಸ ಫಿಲ್ಟರಿಗೆ 1,400 ರೂಪಾಯಿ ಆಯಿತು, ಸಂಜೆಯೊಳಗೆ ಗಾಡಿ ಲೋಡಿಗೆ ಹೊರಟಿತು.