ಲಂಡನ್-ಪ್ಯಾರಿಸ್: ದೂರ ಎಷ್ಟು, ಹೊತ್ತು ಎಷ್ಟು?

ಲಂಡನ್ನಿನಿಂದ ಬೆಳಿಗ್ಗೆ 10ಕ್ಕೆ ಹೊರಟ ವಿಮಾನ ಪ್ಯಾರಿಸ್ ಮುಟ್ಟುವಾಗ ಅಲ್ಲಿ 12.20 ಎನ್ನಿ. ಅದೇ ವಿಮಾನ ಪ್ಯಾರಿಸ್ಸಿನಿಂದ ಮಧ್ಯಾಹ್ನ 2ಕ್ಕೆ ಹೊರಟರೆ ಲಂಡನ್ನಿನಲ್ಲಿ ಇಳಿಯುವುದು 2.20ಕ್ಕೆ. ಹೋಗುವಾಗ ಎರಡು ಗಂಟೆ ಇಪ್ಪತ್ತು ನಿಮಿಷ, ಬರುವಾಗ ಬರೀ ಇಪ್ಪತ್ತು ನಿಮಿಷ! ವೇಳಾಪಟ್ಟಿಯನ್ನು ಮೊದಲ ಸಲ ನೋಡುವ ವಿದ್ಯಾರ್ಥಿ ಇದನ್ನು ಮುದ್ರಣದೋಷವೆಂದುಕೊಂಡರೆ ಆಶ್ಚರ್ಯವಿಲ್ಲ.

ಪ್ಯಾರಿಸ್ಸಿನ ಗಡಿಯಾರ ಒಂದು ಗಂಟೆ ಮುಂದಿದೆ, ಅಷ್ಟೆ. ಸೂರ್ಯನನ್ನು ಕೇಳಿದರೆ ಈ ಎರಡು ಊರುಗಳ ಅಂತರ ಸುಮಾರು 10 ನಿಮಿಷ ಮಾತ್ರ. 1940ರಲ್ಲಿ ಪ್ಯಾರಿಸ್ಸನ್ನು ಹಿಡಿದ ಜರ್ಮನರು ಅಲ್ಲಿನ ಗಡಿಯಾರಗಳಿಗೆ ಬರ್ಲಿನ್ನಿನ ವೇಳೆ ಕೂರಿಸಿದರು. ಯುದ್ಧ ಮುಗಿಯಿತು, ಜರ್ಮನರು ಹೋದರು, ಆ ವೇಳೆ ಮಾತ್ರ ಉಳಿಯಿತು.

ನೇರ ಗೆರೆ ಎಳೆದರೆ ನಡುವಿನ ದೂರ ಸುಮಾರು 344 ಕಿಲೋಮೀಟರ್. ಒಂದು ಗಂಟೆ ಇಪ್ಪತ್ತು ನಿಮಿಷದ ಪ್ರಯಾಣದಲ್ಲಿ ವಿಮಾನ ನಿಜಕ್ಕೂ ಗಾಳಿಯಲ್ಲಿರುವುದು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಉಳಿದದ್ದು ರನ್‌ವೇಯ ಸರದಿಗೆ, ನೆಲದ ಮೇಲಿನ ತೆವಳಾಟಕ್ಕೆ. ಹೀಥ್ರೂ ಆಗಲಿ ಚಾರ್ಲ್ಸ್ ಡಿ ಗಾಲ್ ಆಗಲಿ ಊರ ನಡುವಿನಿಂದ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಆಚೆ ಇವೆ. ಅಲ್ಲಿಗೆ ಹೋಗುವುದು, ತಪಾಸಣೆಗೆ ನಿಲ್ಲುವುದು, ಪೆಟ್ಟಿಗೆಗೆ ಕಾಯುವುದು ಎಲ್ಲ ಸೇರಿದರೆ ಅರ್ಧ ದಿನ ಹೋದದ್ದೇ ತಿಳಿಯುವುದಿಲ್ಲ.

1919ರ ಆಗಸ್ಟ್ 25ರಂದು ಈ ಊರುಗಳ ನಡುವೆ ನಿತ್ಯದ ವಿಮಾನ ಸಂಚಾರ ಶುರುವಾಯಿತು. ಈಗಿನ ಹೀಥ್ರೂಗೆ ಹತ್ತಿರದ ಹೌನ್ಸ್ಲೋ ಬಯಲಿನಿಂದ ಹೊರಟ ಆ ಪುಟ್ಟ ವಿಮಾನದಲ್ಲಿ ಪ್ರಯಾಣಿಕ ಒಬ್ಬನೇ; ಜತೆಗೆ ಪತ್ರಿಕೆಗಳ ಕಟ್ಟು, ಕೆನೆಯ ಜಾಡಿಗಳು. ತಗುಲಿದ್ದು ಸುಮಾರು ಎರಡೂವರೆ ಗಂಟೆ. ಇಂದು ನೆಲ ಬಿಡದ ರೈಲು ಅದಕ್ಕಿಂತ ಬೇಗ ಹೋಗುತ್ತದೆ! ಕಡಲಡಿಯ ಸುರಂಗದಲ್ಲಿ 1994ರಿಂದ ಓಡುತ್ತಿರುವ ಯೂರೋಸ್ಟಾರ್ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಬಿಟ್ಟರೆ ಎರಡೂಕಾಲು ಗಂಟೆಯ ಆಸುಪಾಸಿನಲ್ಲಿ ಪ್ಯಾರಿಸ್ಸಿನ ಗಾರ್ ದು ನಾರ್ ಸೇರುತ್ತದೆ. ಎರಡೂ ನಿಲ್ದಾಣಗಳು ಊರೊಳಗೇ ಇವೆ.

ಲಂಡನ್ನಿಗೆ ಓದಲು ಹೋದ ನಮ್ಮ ಮಕ್ಕಳಿಗೆ ಪ್ಯಾರಿಸ್ ಪಕ್ಕದ ಬೀದಿಯಂತೆ ಕಾಣುವುದು ಸಹಜ. ಶನಿವಾರ ಹೋಗಿ ಭಾನುವಾರ ಬಂದರಾಯಿತು ಎಂದು ಟಿಕೆಟ್ ಕೊಂಡುಬಿಡುವವರೂ ಉಂಟು. ಆದರೆ ಬ್ರಿಟನ್ನಿನ ವೀಸಾ ಫ್ರಾನ್ಸಿಗೆ ನಡೆಯದು. ಭಾರತದ ಪಾಸ್‌ಪೋರ್ಟ್ ಇರುವವರು ಷೆಂಗೆನ್ ವೀಸಾ ಬೇರೆಯಾಗಿ ಪಡೆಯಬೇಕು. ಅದಕ್ಕೆ ಅರ್ಜಿ, ಬ್ಯಾಂಕಿನ ಲೆಕ್ಕಪತ್ರ, ವಾರಗಟ್ಟಲೆ ಕಾಯುವಿಕೆ. ಸೇಂಟ್ ಪ್ಯಾಂಕ್ರಾಸಿನಲ್ಲಿ ರೈಲು ಹತ್ತುವ ಮೊದಲೇ ಫ್ರೆಂಚ್ ಪೊಲೀಸರು ಪಾಸ್‌ಪೋರ್ಟ್ ನೋಡುತ್ತಾರೆ. ಫ್ರಾನ್ಸಿನ ಗಡಿ ಲಂಡನ್ನಿನ ನಿಲ್ದಾಣದೊಳಗೇ ಬಂದು ಕೂತಿದೆ. ವೀಸಾ ಇಲ್ಲದವನ ಪ್ಯಾರಿಸ್ ಪ್ರವಾಸ ಆ ಕಿಟಕಿಯ ಮುಂದೆಯೇ ಮುಗಿಯುತ್ತದೆ.